ಮೂರು ಗಂಟೆಗೊಮ್ಮೆ ಒಂದು ಗಂಟಲು

ಹಳೆ ಹಾಡುಗಳ ರೇಡಿಯೋದಲ್ಲಿ ಒಬ್ಬನೇ ಗಾಯಕನನ್ನು ಎಷ್ಟು ಹೊತ್ತಿಗೊಮ್ಮೆ ಕೇಳಿಸಬಹುದು? ಇದೂ ಒಂದು ಪ್ರಶ್ನೆಯೇ ಅಂತ ನೀವು ನಗಬಹುದು. ನಗಿ, ಪರವಾಗಿಲ್ಲ, ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ನಕ್ಕವಳೇ. ಆದರೆ ನಮ್ಮ ಸ್ಟೇಷನ್ನಿನಲ್ಲಿ ಈ ಪ್ರಶ್ನೆಗೆ ತಮ್ಮ ಮೂವತ್ತೊಂದು ವರ್ಷ ಸುರಿದ ಮನುಷ್ಯ ಒಬ್ಬರಿದ್ದರು. ಒಂದು ಗಂಟಲು ಒಮ್ಮೆ ಕೇಳಿದರೆ ಮತ್ತೆ ಮೂರು ಗಂಟೆ ಅದು ಕೇಳಬಾರದು, ಇದು ಅವರ ನಿಯಮ. ಹಾಗಾಗಿ ಅವರಿಗೆ ಮೂರ್ಗಂಟೆ ಅಂತಲೇ ಹೆಸರು ಬಿತ್ತು. ಎದುರಿಗೂ ಹಾಗೇ ಕರೆಯುತ್ತಿದ್ದೆವು. ಅವರೂ ಓಗೊಡುತ್ತಿದ್ದರು.

ನಾನು ಅಲ್ಲಿ ಮೈಕಿನ ಮುಂದೆ ಕೂತು ಹಾಡುಗಳ ನಡುವೆ ಮಾತಾಡುವವಳು. ಯಾವ ಹೊತ್ತಿಗೆ ಯಾವ ಹಾಡು ಅಂತ ಪಟ್ಟಿ ಹಾಕುವವರು ಮೂರ್ಗಂಟೆ. ಸೋಫಾ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ನಮ್ಮ ಸ್ಟೇಷನ್ನು. ಅದರ ಮೂಲೆಯ ಕೋಣೆಯಲ್ಲಿ ಗೋಡೆಯುದ್ದಕ್ಕೂ ಕಬ್ಬಿಣದ ಡ್ರಾಯರುಗಳು, ಡ್ರಾಯರಿನ ತುಂಬ ಕಾರ್ಡುಗಳು, ಹಾಡಿಗೊಂದು ಕಾರ್ಡು. ಕಂಪ್ಯೂಟರ್ ಬಂದಾಗ ಅಷ್ಟೂ ಕಾರ್ಡುಗಳನ್ನು ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಒಳಗೆ ಹಾಕಿದವರು ಅವರೇ. ಒಂದೂವರೆ ವರ್ಷ ಹಿಡಿಯಿತು. ಆಮೇಲೂ ಕಾರ್ಡು ಬಿಸಾಡಲಿಲ್ಲ, ಯಾರಾದರೂ ಆ ಮಾತೆತ್ತಿದರೆ ಮುಖ ಊದಿಸಿಕೊಂಡು ಕೂರುತ್ತಿದ್ದರು.

ಅವರಿಗೆ ನಿಜವಾದ ಪರೀಕ್ಷೆ ಅಂದರೆ ಶನಿವಾರ ಭಾನುವಾರ. ಆ ಎರಡು ದಿನ ನಮ್ಮಲ್ಲಿ ಒಂದು ವಿಷಯ ಇಟ್ಟುಕೊಂಡು ಹಾಡು ಹಾಕುತ್ತಿದ್ದೆವು. ಒಂದು ವಾರ ಮಳೆ, ಒಂದು ವಾರ ರೈಲು, ಒಂದು ವಾರ ಕಣ್ಣು. ಮಳೆ ಮೇಲೆ ಹಾಡಿದವರು ನೋಡಿದರೆ ಐದೋ ಆರೋ ಜನ. ಐದು ಗಂಟಲು ಇಟ್ಟುಕೊಂಡು ಎರಡು ದಿನ ದೂಡುವುದು ಹೇಗೆ ಸ್ವಾಮಿ? ಮೂರ್ಗಂಟೆ ಜಗ್ಗುತ್ತಿರಲಿಲ್ಲ. ವಾರವಿಡೀ ಡ್ರಾಯರಿಗೆ ತಲೆ ತೂರಿಸಿ, ಯಾರೂ ಕೇಳಿಲ್ಲದ ಯಾರದೋ ಮಳೆಯನ್ನು ಹುಡುಕಿ ತರುತ್ತಿದ್ದರು.

ಇದು ನಮ್ಮ ಮ್ಯಾನೇಜರನಿಗೆ ಆಗಿಬರುತ್ತಿರಲಿಲ್ಲ. ಹುಡುಗ ಕೆಟ್ಟವನಲ್ಲ, ಆದರೆ ಕೈಯಲ್ಲಿ ಯಾವಾಗಲೂ ಒಂದು ಸರ್ವೆ.

"ಸಾರ್, ಜನ ರೇಡಿಯೋ ಕೇಳೋದು ಇಪ್ಪತ್ತೇ ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಗೊತ್ತಿರೋ ದನಿ ಬರ್ಲಿಲ್ಲ ಅಂದ್ರೆ ಬೇರೆ ಸ್ಟೇಷನ್ನಿಗೆ ಹೋಗ್ತಾರೆ. ದೊಡ್ಡವರನ್ನ ಗಂಟೆಗೊಂದ್ಸಲ ಹಾಕೋಣ."

"ಯಾರಪ್ಪಾ ಇಪ್ಪತ್ತು ನಿಮಿಷ ಕೇಳೋದು? ಕ್ಷೌರಕ್ಕೆ ಕೂತವನು. ಕತ್ತರಿ ಹಿಡಿದವನು ಬೆಳಿಗ್ಗೆಯಿಂದ ಸಂಜೆತನಕ ಕೇಳ್ತಾನೆ. ಅವನಿಗೆ ಒಂದೇ ಗಂಟಲನ್ನ ಹತ್ತು ಸಲ ಕೇಳಿಸಿದ್ರೆ ಯಾರ್ದಾದ್ರೂ ಕಿವಿ ಕತ್ತರಿಸ್ತಾನೆ ಅಷ್ಟೆ."

ಇಬ್ಬರದೂ ಸರಿಯೇ. ಹಾಗಾಗಿ ಜಗಳ ಮುಗಿಯುತ್ತಲೇ ಇರಲಿಲ್ಲ.

ಬೆಳಿಗ್ಗೆಯಿಂದ ಸಂಜೆತನಕ ಕೇಳುವವರಲ್ಲಿ ಇನ್ನೊಬ್ಬರಿದ್ದರು ಅಂತ ನನಗೆ ತಿಳಿದದ್ದು ಆ ವರ್ಷ. ಮೂರ್ಗಂಟೆಯವರ ಅಕ್ಕ. ಪಾರ್ಶ್ವವಾಯು ಹೊಡೆದು ಬಲಗಡೆ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಮಗಳ ಮನೆಯಲ್ಲಿ, ಬೀದಿ ಕಡೆಯ ಕೋಣೆಯಲ್ಲಿ ಮಲಗಿ ಹಗಲೆಲ್ಲ ನಮ್ಮ ರೇಡಿಯೋ ಕೇಳುತ್ತಿದ್ದರು. ಡಾಕ್ಟರು ಹೆಚ್ಚು ದಿನ ಹೇಳಿರಲಿಲ್ಲ.

ಈ ಅಕ್ಕ ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಹಾಡು ಹಾಡಿದ್ದರಂತೆ. ಒಂದೇ ಒಂದು. ಅದೂ ಯಾರ ಜೊತೆ? ಆ ಕಾಲದ ಅತಿ ದೊಡ್ಡ ಗಾಯಕನ ಜೊತೆ, ನಮ್ಮಲ್ಲಿ ಎಲ್ಲರೂ ದೊಡ್ಡಗಂಟಲು ಅನ್ನುತ್ತಿದ್ದರಲ್ಲ, ಅವರ ಜೊತೆ. ಅದಾದ ಮೂರನೇ ತಿಂಗಳಿಗೆ ತಾಯಿ ಹೋದರು. ಮನೆಯಲ್ಲಿ ನಾಲ್ಕು ವರ್ಷದ ತಮ್ಮ. ಎರಡನೇ ಹಾಡಿಗೆ ಕರೆ ಬಂದಾಗ ಮಗುವಿಗೆ ಜ್ವರ ಅಂತ ಅಕ್ಕ ಹೋಗಲಿಲ್ಲ. ಮೂರನೇ ಸಲ ಯಾರೂ ಕರೆಯಲಿಲ್ಲ. ಆ ಜ್ವರದ ಮಗುವೇ ನಮ್ಮ ಮೂರ್ಗಂಟೆ.

"ಮೂವತ್ತೊಂದು ವರ್ಷದಲ್ಲಿ ಎಷ್ಟು ಸಲ ಹಾಕಿದೀರಿ ಅವರ ಹಾಡನ್ನ?" ಅಂತ ಕೇಳಿದೆ.

"ಹಾಕಿಲ್ಲ."

"ಒಂದ್ಸಲಾನೂ?"

"ಪಟ್ಟಿ ನನ್ನ ಕೈಲಿ. ನನ್ನ ಅಕ್ಕನ್ನ ನಾನೇ ಹಾಕಿದ್ರೆ ನೋಡಿದವರು ಏನಂತಾರೆ?"

ನನಗೆ ಮೈಯೆಲ್ಲ ಉರಿದುಹೋಯಿತು. ಯಾರ್ರೀ ನೋಡುವವರು? ಯಾರಿಗ್ರೀ ಗೊತ್ತು ಅವರು ನಿಮ್ಮಕ್ಕ ಅಂತ? ಸತ್ಯಸಂಧತೆಗೂ ಒಂದು ಹದ ಬೇಡವೇ? ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಅವರು ತಲೆ ತಗ್ಗಿಸಿ ಕೂತರು. ಆಮೇಲೆ ನಿಧಾನವಾಗಿ ಹೇಳಿದರು: ದೊಡ್ಡಗಂಟಲಿನ ಹೆಸರನ್ನು ನಾನು ಮೈಕಿನಲ್ಲಿ ಹೇಳಿದಾಗಲೆಲ್ಲ ಅಕ್ಕ ಎಡಗೈ ಎತ್ತುತ್ತಾರಂತೆ, ಸದ್ದು ಜೋರು ಮಾಡು ಅಂತ. ತನ್ನದಲ್ಲದ ಹಾಡು ಶುರುವಾದ ಕೂಡಲೇ ಕೈ ಇಳಿಸಿಬಿಡುತ್ತಾರಂತೆ. ಅಕ್ಕ ಇಷ್ಟು ವರ್ಷ ಕಾಯುತ್ತಲೇ ಇದ್ದಳು ಅನ್ನುವುದು ಈ ತಮ್ಮನಿಗೆ ಹೊಳೆದದ್ದು ಆಕೆಯ ಮಾತು ನಿಂತ ಮೇಲೆ.

ಅವತ್ತೇ ಇಬ್ಬರೂ ಕೂತು ಒಂದು ವಾರಾಂತ್ಯ ಹೊಸೆದೆವು. "ಒಂದೇ ಹಾಡಿನವರು". ಬದುಕಿನಲ್ಲಿ ಒಂದೇ ಹಾಡು ಹಾಡಿ ಸುಮ್ಮನಾದವರು. ಅಕ್ಕನದು ಶನಿವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ. ಶುಕ್ರವಾರ ಮಧ್ಯಾಹ್ನ ನಾನು ಮಾತುಗಳನ್ನು ರೆಕಾರ್ಡ್ ಮಾಡಿಟ್ಟೆ, ಯಾಕೆಂದರೆ ವಾರಾಂತ್ಯ ಸ್ಟೇಷನ್ನಿನಲ್ಲಿ ಯಾರೂ ಇರುವುದಿಲ್ಲ, ಎಲ್ಲವನ್ನೂ ಯಂತ್ರವೇ ನಡೆಸುತ್ತದೆ. ಅಕ್ಕನ ಪೂರ್ತಿ ಹೆಸರು ಹೇಳಿದೆ, "ಈ ದನಿಯನ್ನು ನಾವು ಬಹಳ ತಡವಾಗಿ ಕೇಳುತ್ತಿದ್ದೇವೆ, ಕ್ಷಮಿಸಿ" ಅಂದೆ. ಐದು ಗಂಟೆಗೆ ಮೂರ್ಗಂಟೆ ಪಟ್ಟಿಯನ್ನು ಎರಡು ಸಲ ಓದಿ ನೋಡಿ, ಎಂದೂ ಇಲ್ಲದವರು ಸಿಳ್ಳೆ ಹಾಕಿಕೊಂಡು ಮೆಟ್ಟಿಲಿಳಿದರು. ನೆಟ್ಟಗೆ ಹೋಗಿ ಅಕ್ಕನಿಗೆ ಹೊತ್ತು ಸಮೇತ ಹೇಳಿದರು. ಹೇಳದೆ ಇದ್ದಿದ್ದರೆ ಅಂತ ಈಗಲೂ ಅನಿಸುತ್ತದೆ.

ಆರು ಗಂಟೆಗೆ ಮ್ಯಾನೇಜರ್ ಪಟ್ಟಿ ತೆರೆದು ನೋಡಿ ಹೌಹಾರಿದ್ದಾನೆ. ಎರಡು ದಿನ ಬರೀ ಊರಿಗೆ ಗೊತ್ತಿಲ್ಲದ ಹೆಸರುಗಳು! ಜಗಳ ಯಾಕೆ ಅಂತ ಯಾರಿಗೂ ಹೇಳದೆ, ಪ್ರತಿ ಗಂಟೆಯ ಹತ್ತನೇ ನಿಮಿಷಕ್ಕೆ ದೊಡ್ಡಗಂಟಲಿನ ಒಂದೊಂದು ಹಾಡು ತುರುಕಿದ್ದಾನೆ. ಯಂತ್ರ ಮೂರು ಗಂಟೆಯ ನಿಯಮ ತೋರಿಸಿ ಬೇಡ ಅಂದಿದೆ. ಇವನು ತನ್ನ ಪಾಸ್‌ವರ್ಡ್ ಒತ್ತಿ, ಈ ಹಾಡುಗಳಿಗೆ ಮಾತ್ರ ನಿಯಮ ಬೇಡ ಅಂತ ಮಾಡಿ, ಹೆಂಡತಿ ಮಕ್ಕಳ ಜೊತೆ ಬೆಟ್ಟದ ಕಡೆ ಪ್ರವಾಸ ಹೊರಟಿದ್ದಾನೆ.

ಶನಿವಾರ ಹತ್ತು ನಲವತ್ತಕ್ಕೆ ನಾನು ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಾ ರೇಡಿಯೋ ಹಾಕಿಕೊಂಡಿದ್ದೆ. ನನ್ನದೇ ದನಿ ಬಂತು. ಅಕ್ಕನ ಹೆಸರು ಬಂತು. ತಡವಾಗಿ ಕೇಳುತ್ತಿದ್ದೇವೆ, ಕ್ಷಮಿಸಿ. ಅದರ ಹಿಂದೆಯೇ ಯಾವಳೋ ಒಬ್ಬಳು ಬಿಕ್ಕಳಿಸುತ್ತಾ ಬಿಕ್ಕಳಿಸುತ್ತಾ ಹಾಡುವ ಒಂದು ತಮಾಷೆ ಹಾಡು ಶುರುವಾಯಿತು. ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಕಿತ್ತು ಬೀದಿಗೆ ಓಡಿದೆ.

ಸ್ಟೇಷನ್ನಿನ ಕಾವಲುಗಾರ ಬೀಗ ತೆಗೆದ. ಪರದೆಯ ಮೇಲೆ ಅಕ್ಕನ ಹಾಡು ಕೆಂಪು ಬಣ್ಣದಲ್ಲಿ ಕೂತಿತ್ತು. "ಅದೇ ಗಾಯಕ. ಇನ್ನು ಎರಡು ಗಂಟೆ ಮೂರು ನಿಮಿಷ." ಅದೇ ಗಾಯಕನಾ? ಅಯ್ಯೋ, ಇದು ಹೆಣ್ಣುದನಿಯಲ್ಲವೇ ಅಂದುಕೊಂಡು ಒತ್ತಿ ನೋಡಿದರೆ ಮೊದಲ ಸಾಲಿನಲ್ಲಿ ದೊಡ್ಡಗಂಟಲಿನ ಹೆಸರು. ಇಬ್ಬರು ಹಾಡಿದ ಹಾಡಾದರೆ ಕಾರ್ಡನ್ನು ದೊಡ್ಡ ಹೆಸರಿನ ಡ್ರಾಯರಿನಲ್ಲಿ ಇಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಕಂಪ್ಯೂಟರಿಗೂ ಹಾಗೇ ಹಾಕಿದ್ದು. ಅಕ್ಕನ ಹೆಸರು ಕೆಳಗೆ, ಸಣ್ಣ ಅಕ್ಷರದಲ್ಲಿ, "ಜೊತೆಗೆ" ಅಂತ. ಹತ್ತು ಗಂಟೆ ಹತ್ತಕ್ಕೆ ದೊಡ್ಡಗಂಟಲು ಹಾಡಿಯಾಗಿದೆ, ಹಾಗಾಗಿ ಇದನ್ನು ಎತ್ತಿ ಪಕ್ಕಕ್ಕಿಟ್ಟು ಯಂತ್ರ ಇನ್ನೊಂದನ್ನು ಹಾಕಿದೆ. ಮಾತು ಮಾತ್ರ ಹೊತ್ತಿಗೆ ಸರಿಯಾಗಿ ಹೋಗಿದೆ.

ನಾನು ನೋಡುತ್ತಾ ನಿಂತ ಹಾಗೇ ಹನ್ನೊಂದು ಗಂಟೆ ಹತ್ತಾಯಿತು. ದೊಡ್ಡಗಂಟಲಿನ ಮತ್ತೊಂದು ಹಾಡು ಶುರುವಾಯಿತು. ಕೆಂಪು ಸಾಲಿನಲ್ಲಿ ಎರಡು ಗಂಟೆ ಇದ್ದದ್ದು ಹಾರಿ ಮತ್ತೆ ಪೂರ್ತಿ ಮೂರು ಗಂಟೆಯಾಯಿತು. ಆಗ ಅರ್ಥವಾಯಿತು. ಗಂಟೆಗೊಮ್ಮೆ ಅವರು ಹಾಡುತ್ತಲೇ ಇರುತ್ತಾರೆ. ಆ ಮೂರು ಗಂಟೆಯ ಗಡುವು ಭಾನುವಾರ ಕಾರ್ಯಕ್ರಮ ಮುಗಿಯುವ ತನಕ ಮುಗಿಯುವುದೇ ಇಲ್ಲ.

ಮ್ಯಾನೇಜರನ ಫೋನು ಸಿಗಲಿಲ್ಲ. ಪಾಸ್‌ವರ್ಡ್ ಇಲ್ಲದೆ ಒಂದು ಬಟನ್ನೂ ನನ್ನ ಮಾತು ಕೇಳಲಿಲ್ಲ, ಮೈಕೂ ಸತ್ತಿತ್ತು. ಮೂರ್ಗಂಟೆಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಆ ಕಾರ್ಡು ಕುಟ್ಟಿದ್ದು ನಾನೇ" ಅಂದರು. "ಮೇಲಿನ ಸಾಲಿಗೆ ಅಕ್ಕನ ಹೆಸರು ಹಾಕೋಣ ಅಂತ ಆವಾಗ್ಲೂ ಅನ್ನಿಸಿತ್ತು. ಪಕ್ಷಪಾತ ಆಗುತ್ತೆ ಅಂತ ಬಿಟ್ಟೆ."

"ಈಗ ಅದೆಲ್ಲ ಯಾಕ್ರೀ! ವೈರ್ ಕಿತ್ತು ಹಾಕ್ಲಾ?"

"ಕಿತ್ರೆ ರೇಡಿಯೋ ಸುಮ್ನಾಗುತ್ತೆ ಅಷ್ಟೆ. ಹಾಡು ಬರಲ್ಲ."

ಫೋನಿನಲ್ಲೇ ಕೇಳಿಸಬಹುದಿತ್ತಲ್ಲ ಅಂತೀರಿ. ಕೇಳಿಸಿದರು. ಅಕ್ಕನ ಮಗಳು ಹಾಡನ್ನು ಫೋನಿನಲ್ಲಿ ಹಾಕಿ ಕಿವಿಯ ಹತ್ತಿರ ಹಿಡಿದಳು. ಅಕ್ಕ ಎಡಗೈಯಿಂದ ಫೋನನ್ನು ತಳ್ಳಿ ರೇಡಿಯೋ ಕಡೆ ಬೆರಳು ತೋರಿಸಿದರು. ಮನೆಯಲ್ಲಿ ಅದರ ಗ್ರಾಮಫೋನ್ ತಟ್ಟೆಯೂ ಇತ್ತು, ಬೇಕೆಂದಾಗ ಕೇಳುತ್ತಲೇ ಬಂದಿದ್ದರು. ಅವರಿಗೆ ಬೇಕಾಗಿದ್ದದ್ದು ಕ್ಷೌರದ ಅಂಗಡಿಯವನಿಗೂ ದರ್ಜಿಗೂ ಕೇಳುವ ಹೊತ್ತಿನಲ್ಲಿ, ಎಲ್ಲರ ಹಾಡಿನ ನಡುವೆ, ತಾನಾಗಿ ಬರುವುದು. ಅಷ್ಟನ್ನು ಕೊಡಲು ನಮ್ಮಿಬ್ಬರ ಕೈಲಿ ಆಗಲಿಲ್ಲ.

ಆ ಎರಡು ದಿನ ಮೂರ್ಗಂಟೆ ಅಕ್ಕನ ಹಾಸಿಗೆ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲವಂತೆ. ಗಂಟೆ ಹತ್ತು ನಿಮಿಷವಾಯಿತೋ ಇಲ್ಲವೋ, ದೊಡ್ಡಗಂಟಲಿನ ದನಿ. ಅಕ್ಕನ ಕೈ ಮೇಲೆ. ಬೇರೆ ಹಾಡು. ಕೈ ಕೆಳಗೆ. ಇವತ್ತು ಬರಲ್ಲ ಅಕ್ಕ, ತಪ್ಪಾಗಿದೆ ಅಂತ ಹೇಳಬೇಕು ಅಂದುಕೊಂಡರಂತೆ, ಪ್ರತಿ ಸಲ ಬಾಯಿಗೆ ಬಂದದ್ದು "ಮುಂದಿನ್ದು ಇರಬಹುದು" ಅಂತ. ಭಾನುವಾರ ಸಂಜೆ ಏಳಕ್ಕೆ ನನ್ನ ದನಿ "ಒಂದೇ ಹಾಡಿನವರು ಇಲ್ಲಿಗೆ ಮುಗಿಯಿತು" ಅಂದಿತು. ಅಕ್ಕ ಮಗಳಿಗೆ ರೇಡಿಯೋ ಆರಿಸುವಂತೆ ಸನ್ನೆ ಮಾಡಿದರು. ಹಾಸಿಗೆ ಹಿಡಿದಾಗಿನಿಂದ ಅವರಾಗಿ ಆರಿಸು ಅಂದದ್ದು ಅದೇ ಮೊದಲು.

ಸೋಮವಾರ ಮ್ಯಾನೇಜರ್ ಬಂದ. ನಾನು ಅವನ ನೀರಿಳಿಸಿದೆ. ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ, ಕಣ್ಣಲ್ಲಿ ನೀರು ಹಾಕಿಕೊಂಡ. ಒಂಬತ್ತೂವರೆಗೆ ತಾನೇ ಪಾಸ್‌ವರ್ಡ್ ಒತ್ತಿ ಹಾಡು ಹಾಕಿದ. ಮೂರ್ಗಂಟೆ ಅಕ್ಕನ ಮಗಳಿಗೆ ಫೋನ್ ಮಾಡಿ "ರೇಡಿಯೋ ಹಾಕು, ಬೇಗ ಹಾಕು" ಅಂತ ಕಿರುಚಿದರು. ಅವಳು ಗುಂಡಿಯ ಮೇಲೆ ಕೈ ಇಟ್ಟ ಕೂಡಲೇ ಅಕ್ಕ ಬೇಡ ಅಂತ ಗೋಣು ಆಡಿಸಿದರಂತೆ. ಇವತ್ತು ಖಂಡಿತ ಬರುತ್ತೆ ಅಂತ ಮಗಳು ಬೇಡಿಕೊಂಡಳು. ಅಕ್ಕ ಕೂಗಿದರು, ಮಾತಿಲ್ಲದ ಕೂಗು. ಅವಳು ಹೆದರಿ ಕೈ ತೆಗೆದಳು. ಊರಿಗೆಲ್ಲ ಆ ಹಾಡು ಕೇಳಿಸಿತು. ಚೆನ್ನಾಗಿತ್ತು, ಇನ್ನೊಂದ್ಸಲ ಹಾಕಿ ಅಂತ ಫೋನುಗಳೂ ಬಂದವು. ಮೂರ್ಗಂಟೆ ಕೈ ಕೈ ಹಿಸುಕಿಕೊಳ್ಳುತ್ತಾ ಡ್ರಾಯರುಗಳ ಮುಂದೆ ನಿಂತಿದ್ದರು.

ಒಂದು ವಾರ ಬಿಟ್ಟು ನಾನು ಅವರ ಜೊತೆ ಅಕ್ಕನನ್ನು ನೋಡಲು ಹೋದೆ. ಆವತ್ತು ಎಲ್ಲರೂ ಕೇಳಿದ್ದನ್ನು, ಫೋನುಗಳು ಬಂದದ್ದನ್ನು ಬಾಯಾರೆ ಹೇಳಿ ಕ್ಷಮೆ ಕೇಳೋಣ ಅಂತ. ಅಕ್ಕ ನನ್ನನ್ನು ಎಂದೂ ನೋಡಿದವರಲ್ಲ. ಕೋಣೆಗೆ ಹೋದಾಗ ಯಾರೋ ಬಂದರು ಅಂತ ಕಣ್ಣಲ್ಲೇ ನಕ್ಕು ಕುರ್ಚಿ ತೋರಿಸಿದರು. ನಾನು ಕೂತು, "ಅಕ್ಕಾ, ನಮಸ್ಕಾರ" ಅಂದೆ.

ಅಷ್ಟೇ ಅಂದದ್ದು. ದನಿ ಗುರುತು ಸಿಕ್ಕಿತು. ನಗು ಹೋಯಿತು. ನನ್ನನ್ನೇ ಒಂದು ಕ್ಷಣ ನೋಡಿ, ಆಡುವ ಅರ್ಧ ಮೈಯನ್ನು ಎಳೆದುಕೊಂಡು ಕಷ್ಟಪಟ್ಟು ಗೋಡೆಯ ಕಡೆ ತಿರುಗಿಕೊಂಡರು. ಮೂರ್ಗಂಟೆ ಅಕ್ಕನ ಬೆನ್ನಿನ ಮೇಲೆ ಹೊದಿಕೆ ಎಳೆದು, ನನ್ನ ಮುಖ ನೋಡದೆ, "ನಿದ್ದೆ ಬಂದಿರಬೇಕು" ಅಂದರು.