ಕೊಳೆಯೆಂದು ಕಿತ್ತ ಆಯಸ್ಕಾಂತ

ಆಯುಧಪೂಜೆ ಬಂತೆಂದರೆ ನಮ್ಮ ರಾಮನಗರದ ಕಡೆ ಕೊಳೆಗೆ ಉಳಿಗಾಲವಿಲ್ಲ. ಕುಡುಗೋಲಿನಿಂದ ಹಿಡಿದು ಸ್ಕೂಟರಿನವರೆಗೆ, ವರ್ಷವಿಡೀ ಯಾರೂ ತಿರುಗಿ ನೋಡದ ಕಬ್ಬಿಣಕ್ಕೆಲ್ಲ ಅಂದು ಅಭ್ಯಂಜನ. ಬಿಡದಿಯಲ್ಲಿ ಸಾಲುಸಾಲು ಕಾರ್ಖಾನೆಗಳು ತಲೆಯೆತ್ತಿದ ಆ ವರ್ಷಗಳಲ್ಲಿ, ನಾನು ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದ ಸಣ್ಣ ಕಾರ್ಖಾನೆಗೂ ಈ ಭಕ್ತಿ ನಮ್ಮ ಜೊತೆಯಲ್ಲೇ ಬಸ್ಸು ಹತ್ತಿ ಬಂದಿತ್ತು.

ತಿಪ್ಪಸಂದ್ರದ ಸಿದ್ದರಾಜು, ಎರಡು ಮಕ್ಕಳ ತಂದೆ, ನನ್ನ ಕೈಕೆಳಗೆ ಗುತ್ತಿಗೆಯ ಮೇಲಿದ್ದ. ಹಬ್ಬ ಕಳೆದ ಮರುವಾರ ಅವನನ್ನು ಕಾಯಂ ಮಾಡುವ ಮಾತಿತ್ತು. "ಒಂದು ಚೂರೂ ಕೊಳೆ ಉಳೀಬಾರ್ದು ಕಣ್ಲಾ" ಎಂದು ಗದರಿಸಿ ನಾನು ಹೂ ತರಲು ಹೋದೆ. ಅವನು ಉಳಿಸಲಿಲ್ಲ.

ಹಬ್ಬ ಮುಗಿಸಿ ಸ್ವಿಚ್ಚು ಹಾಕಿದರೆ ದೊಡ್ಡ ಯಂತ್ರ ಒಂದೆರಡು ಸುತ್ತು ತಿರುಗಿ ನಿಂತುಬಿಟ್ಟಿತು. ಬಗ್ಗಿ ನೋಡಿದೆ: ತಿರುಗುವ ದಂಡಕ್ಕೆ ಅಂಟಿಸಿದ್ದ, ಕಡಲೆಕಾಳಿನಷ್ಟಿದ್ದ ಆಯಸ್ಕಾಂತ ಮಾಯ! ಕಬ್ಬಿಣದ ಪುಡಿ ಮೆತ್ತಿಕೊಂಡು ಕರಿಯ ಗಂಟಾಗಿದ್ದ ಅದನ್ನು ಸಿದ್ದರಾಜು ಕೊಳೆಯೆಂದು ಕೆರೆದೆಸೆದು, ಆ ಜಾಗಕ್ಕೆ ಭಕ್ತಿಯಿಂದ ಕುಂಕುಮವಿಟ್ಟಿದ್ದ.

ಆಯಸ್ಕಾಂತದೆದುರಿಗಿದ್ದ ಪುಟ್ಟ ಸೆನ್ಸರಿನ ಸಂಗತಿಯನ್ನು ನಿಮಗೆ ಹೇಳಲೇಬೇಕು. ಅದರೊಳಗಿನ ತೆಳುಹಾಳೆಯಲ್ಲಿ ವಿದ್ಯುತ್ತು ತನ್ನ ಪಾಡಿಗೆ ನೇರವಾಗಿ ಹರಿಯುತ್ತಿರುತ್ತದೆ; ಆಯಸ್ಕಾಂತ ಎದುರಿಗೆ ಬಂದೊಡನೆ, ಮುಟ್ಟದೆಯೇ, ಹರಿಯುವ ಕಣಗಳನ್ನು ಒಂದು ಅಂಚಿಗೆ ಒತ್ತುತ್ತದೆ; ಆಗ ಹಾಳೆಯ ಎರಡಂಚುಗಳ ನಡುವೆ ಚಿಟಿಕೆ ವೋಲ್ಟೇಜು ಹುಟ್ಟುತ್ತದೆ. ಹಾಲ್ ಪರಿಣಾಮವೆಂದು ಇದರ ಹೆಸರು. ದಂಡ ಸುತ್ತು ಬಂದಾಗಲೆಲ್ಲ ಹುಟ್ಟುವ ಆ ಚಿಟಿಕೆಯನ್ನು ಎಣಿಸಿಯೇ ಯಂತ್ರ ತಾನು ತಿರುಗುತ್ತಿದ್ದೇನೆಂದು ನಂಬುತ್ತದೆ. ಎಣಿಕೆ ತಪ್ಪಿದರೆ ಎಲ್ಲೋ ಏನೋ ಸಿಕ್ಕಿಕೊಂಡಿತೆಂದು ಹೆದರಿ ನಿಲ್ಲುತ್ತದೆ. ನನಗೆ ಈ ಸೆನ್ಸರಿನ ಮೇಲೆ ಗೌರವವಿದೆ. ಅಷ್ಟು ಸಣ್ಣ ಒತ್ತಡಕ್ಕೂ ಅದು ತಕ್ಷಣ ಉತ್ತರ ಕೊಡುತ್ತದೆ. ನಾನು ಅಷ್ಟು ಚುರುಕಿನವನಲ್ಲ.

ಸಿದ್ದರಾಜು ಕಸದ ರಾಶಿಯಲ್ಲಿ, ಒಡೆದ ಬೂದುಗುಂಬಳದ ಹೋಳುಗಳ ನಡುವೆ ಸ್ಪ್ಯಾನರ್ ಆಡಿಸಿ ಆಡಿಸಿ, ಆಯಸ್ಕಾಂತ ಅದಕ್ಕೆ ಕಚ್ಚಿಕೊಂಡ ಮೇಲೆ ಓಡಿ ಬಂದ. ನಾನು ಅಂಟಿಸಿದೆ, ಯಂತ್ರ ಓಡಿತು. ಅಷ್ಟರಲ್ಲಿ ಆಯಸ್ಕಾಂತ ಕಿತ್ತುಹೋದ ಸುದ್ದಿ ಕೇಳಿ ಸೂಪರ್‌ವೈಸರ್ ಬಂದು, "ಕಿತ್ತೋರು ಯಾರು?" ಎಂದು ಮೇಲಿನವರಿಗೆ ವರದಿ ಬರೆಯಲು ಕಾಗದ, ಪೆನ್ನು ತೆಗೆದರು.

"ನಾನೇ ಸಾ, ಕೊಳೆ ಅಂದ್ಕಂಡು ಕಿತ್ತಾಕ್ಬುಟ್ಟೆ" ಎಂದ ಸಿದ್ದರಾಜು.

ತೊಳೆಯಲು ಹೇಳಿದವನು ನಾನು. ಅಲ್ಲೊಂದು ಆಯಸ್ಕಾಂತವಿದೆಯೆಂದು ಹೇಳದವನೂ ನಾನೇ. ಕಾಗದದ ಮೇಲೆ ಅವನ ಹೆಸರು ಅರ್ಧ ಮೂಡಿದ ಮೇಲೆ ನನ್ನ ಬಾಯಿಂದ ಮಾತು ಹೊರಟಿತು: "ತಪ್ಪು ನಂದು ಸಾರ್. ನಾನು ಅವನಿಗೆ ಹೇಳೇ ಇರ್ಲಿಲ್ಲ." ಸೂಪರ್‌ವೈಸರ್ ಆ ಹೆಸರನ್ನು ಹೊಡೆದುಹಾಕಿದರು.

ಸಿದ್ದರಾಜು ಕಾಯಂ ಆದ. ಮಾಗಿ ಬಂದಾಗ ಚೀಲದ ತುಂಬ ಅವರೆಕಾಯಿ ತಂದುಕೊಟ್ಟು, "ನೀವು ಹೇಳ್ದೇ ಇದ್ದಿದ್ರೆ ನನ್ ಕೆಲ್ಸ ಹೋಗ್ಬುಡೋದಣ್ಣ" ಎಂದ. ನಾಚಿಕೆಯಿಂದ ಅವನ ಮುಖ ನೋಡಲಾಗಲಿಲ್ಲ ನನಗೆ. ಅರ್ಧ ಹೆಸರು ಬರೆಯುವಷ್ಟು ಹೊತ್ತು ನಾನು ಸುಮ್ಮನಿದ್ದೆ. ಅಷ್ಟು ಹೊತ್ತೂ ಅವನು, ನೀವೇ ಹೇಳಿದ್ದಲ್ವಾ ಎನ್ನುವಂತೆ, ಒಮ್ಮೆಯೂ ನನ್ನ ಕಡೆ ತಿರುಗಿ ನೋಡಿರಲಿಲ್ಲ.