ಎಲೆ ನುಂಗುವ ಮೆಶೀನೂ ನನ್ನ ಭಾನುವಾರಗಳೂ

ಹೋದ ವಾರಕ್ಕೆ ಮುಂಚಿನ ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ, ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬರುತ್ತೇನೆ, ನಮ್ಮ ಮನೆ ಜಗುಲಿಯ ಮೇಲೆ ಒಂದು ಮೆಶೀನಿಗೆ ಪೂಜೆ ನಡೆಯುತ್ತಿದೆ! ಮೂತಿಗೆ ವಿಭೂತಿ ಪಟ್ಟೆ, ನಡುವೆ ಕುಂಕುಮ, ಹಿಡಿಗೆ ಚೆಂಡುಹೂವಿನ ಹಾರ, ಚಕ್ರಗಳ ಕೆಳಗೆ ಒಂದೊಂದು ನಿಂಬೆಹಣ್ಣು. ಎದುರುಮನೆ ಸಾಕಮ್ಮ ಕರ್ಪೂರ ಹಚ್ಚುತ್ತಿದ್ದಳು. ಬೀದಿಯ ನಾಲ್ಕೈದು ಹೆಂಗಸರು ಕೈಮುಗಿದು ನಿಂತಿದ್ದರು.

ಎಲ್ಲ ಚೆನ್ನಾಗಿತ್ತು. ತೊಂದರೆ ಒಂದೇ. ಆ ಮೆಶೀನು ನನ್ನದಲ್ಲ.

ಮೊದಲಿಂದ ಹೇಳಿಬಿಡುತ್ತೇನೆ.

ಈ ಅಂಕಣವನ್ನು ಬಿಡದೆ ಓದುವವರಿಗೆ ನಮ್ಮ ಅಕ್ಕ ಗೊತ್ತು. ಹೊಸಬರಿಗಾಗಿ ಎರಡು ಮಾತು. ನಾನು ಮದುವೆ ಮಾಡಿಕೊಳ್ಳಲಿಲ್ಲ. ಅಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನನ್ನ ಹತ್ತಿರ ಬಂದಳು. ಕೃಷ್ಣರಾಜಪೇಟೆಯ ಈ ಮನೆಯಲ್ಲಿದ್ದುಕೊಂಡು ನಾನು ಸ್ಕೂಲು ನೋಡಿಕೊಂಡೆ, ಅವಳು ನನ್ನನ್ನು ನೋಡಿಕೊಂಡಳು. ನಾನು ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದೆ. ಅವಳಿಗೆ ರಿಟೈರ್‌ಮೆಂಟ್ ಎನ್ನುವುದೇ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ಎದೆನೋವು ಅಂದಳು, ಸಂಜೆಯೊಳಗೆ ಹೋಗೇಬಿಟ್ಟಳು.

ಮನೆಯ ಸುತ್ತ ಅಗಲವಾದ ಕಾಂಪೌಂಡು. ಅದರೊಳಗೆ ಒಂದು ಹೊಂಗೆ, ಒಂದು ಬಾದಾಮಿ ಮರ. ಯುಗಾದಿ ಹತ್ತಿರ ಬಂತೆಂದರೆ ಎರಡೂ ಪೈಪೋಟಿಗೆ ಬಿದ್ದು ಎಲೆ ಉದುರಿಸುತ್ತವೆ. ಅಕ್ಕ ಇರುವತನಕ ನಮ್ಮ ಮನೆಯಲ್ಲಿ ಎಲೆ ಉದುರುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. (ಆಣೆ ಮಾಡಿ ಹೇಳುತ್ತೇನೆ! ನಾನು ಏಳುವ ಹೊತ್ತಿಗೆ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಬಿಟ್ಟಾಗಿರುತ್ತಿತ್ತು.) ಈ ವರ್ಷ ಪೊರಕೆ ನನ್ನ ಕೈಗೆ ಬಂತು. ಗುಡಿಸಿ, ಸೊಂಟ ನೆಟ್ಟಗೆ ಮಾಡಿ, ತಿರುಗಿ ನೋಡಿದರೆ ಹಿಂದೆ ಮತ್ತೆ ಅಷ್ಟೇ ಎಲೆ. ಆಳು ಇಟ್ಟುಕೊಳ್ಳಿ ಅಂತೀರಾ? ಕಬ್ಬು ಕಡಿಯುವ ಕಾಲದಲ್ಲಿ ಅಂಗಳ ಗುಡಿಸಲು ಯಾರು ಬರುತ್ತಾರೆ ಸ್ವಾಮಿ?

ಹೀಗಿರುವಾಗ ಬಾವಿಯ ಪಂಪು ಕೆಟ್ಟಿತು. ಅದರದೊಂದು ಬಿಡಿಭಾಗ ಇಲ್ಲಿ ಸಿಗದೆ ಶ್ರೀರಂಗಪಟ್ಟಣಕ್ಕೆ ಹೋದೆ. ಅಲ್ಲಿನ ಪಂಪ್‌ಸೆಟ್ ಅಂಗಡಿಯ ಮೂಲೆಯಲ್ಲಿ ಇದು ಕೂತಿತ್ತು. ಮುಂದೆ ನೆಲಕ್ಕೆ ತಾಗುವಂಥ ಅಗಲವಾದ ಬಾಯಿ, ಮೇಲೆ ಪೆಟ್ರೋಲ್ ಇಂಜಿನ್ನು, ಹಿಂದೆ ದೊಡ್ಡದೊಂದು ಬಟ್ಟೆಯ ಚೀಲ, ತಳ್ಳುವುದಕ್ಕೆ ಹಿಡಿ. ಸ್ಟಾರ್ಟ್ ಮಾಡಿ ಹಿಂದಿನಿಂದ ತಳ್ಳಿಕೊಂಡು ನಡೆದರೆ ಸಾಕು, ನೆಲದ ಮೇಲಿನ ಎಲೆಯನ್ನೆಲ್ಲ ಒಳಗೆಳೆದು ಚೀಲಕ್ಕೆ ತುಂಬುತ್ತದಂತೆ. ಯಾವುದೋ ಹೋಟೆಲಿನವರು ಲಾನಿಗೆ ಬೇಕು ಅಂತ ಫಾರಿನ್ನಿನಿಂದ ತರಿಸಲು ಹೇಳಿ, ಬಂದ ಮೇಲೆ ಬೇಡ ಅಂದುಬಿಟ್ಟರಂತೆ.

"ಬಗ್ಗಂಗೇ ಇಲ್ಲ ಮೇಡಂ. ವಾಕಿಂಗ್ ಓದಂಗೆ ಓಯ್ತಾ ಇರಿ, ಅದ್ರ ಪಾಡ್ಗೆ ಅದು ತಿಂತಾ ಓಯ್ತದೆ," ಎಂದ ಅಂಗಡಿಯ ಸೇಲ್ಸ್‌ಮನ್. ಹೆಸರು ಚಲುವರಾಜು. ನಾಗಮಂಗಲದ ಹತ್ತಿರ ಹೊಣಕೆರೆ ಕಡೆಯವನು, ಮೂವತ್ತು ದಾಟಿದ ವಯಸ್ಸು, ನಗುಮುಖ. "ಮನೇಗೇ ತಂದು ತೋರುಸ್ತೀನಿ. ಇಷ್ಟ ಆದ್ರೆ ತಕಳಿ, ಇಲ್ದಿದ್ರೆ ಬುಡಿ."

ಬೆಲೆ ಕೇಳಿದೆ. ಅಕ್ಕ ಜೊತೆಗಿದ್ದಿದ್ದರೆ ಅಲ್ಲೇ ಕೂತು ಒಂದು ಲೋಟ ನೀರು ಕೇಳುತ್ತಿದ್ದಳು. ನಾನು ಮಾತ್ರ ತೋರಿಸುವುದಕ್ಕೇನು ಖರ್ಚು, ತೋರಿಸಲಿ ಅಂದುಕೊಂಡು ವಿಳಾಸ ಕೊಟ್ಟು ಬಂದೆ.

ಆ ಭಾನುವಾರವೇ ಬಂದ. ನಮ್ಮೂರಿಗೆ ತೆಂಗಿನಕಾಯಿ ಲೋಡಿಗೆ ಬರುವ ಟೆಂಪೋದಲ್ಲಿ ಮೆಶೀನು ಹೇರಿಕೊಂಡು, ಪಾಂಡವಪುರದ ಮೇಲೆ. ಇಂಜಿನ್ನು ಶುರು ಮಾಡುವ ಹಗ್ಗ ಎಳೆದ. ಹಿಟ್ಟಿನ ಗಿರಣಿಯೇ ಅಂಗಳಕ್ಕೆ ಬಂದಷ್ಟು ಸದ್ದು! ಹೊಂಗೆ ಎಲೆ ಸರಾಗವಾಗಿ ಒಳಗೆ ಹೋಯಿತು. ಊಟದ ತಟ್ಟೆಯಷ್ಟಗಲದ ಬಾದಾಮಿ ಎಲೆ ಬಾಯಿಗೇ ಅಂಟಿ ನಿಂತಿತು. ಹೊಂಗೆಕಾಯಿ ಹೊಟ್ಟೆಯೊಳಗೆ ಲೊಟಲೊಟ ಅಂದಿತು. ಚೀಲದಿಂದ ಎದ್ದ ಧೂಳೆಲ್ಲ ಗಂಜಿ ಹಾಕಿದ ನನ್ನ ಸೀರೆಯ ಮೇಲೆ. ಅಂದರೆ ಮೆಶೀನಿನ ಯೋಗ್ಯತೆ ಮೊದಲ ದಿನವೇ ಗೊತ್ತಾಗಿತ್ತು. ನಮ್ಮ ಅಂಗಳಕ್ಕೆ ಅದು ಹೇಳಿಸಿದ್ದಲ್ಲ. ಬೇಡ ಅಂತ ಅವತ್ತೇ ಹೇಳಿ ಕಳಿಸಬೇಕಾಗಿತ್ತು.

ಆದರೆ ಕಾಫಿ ಕೊಟ್ಟೆ. ಅವನು ಕೂತ.

ಕೂತ ಅನ್ನುವುದು ನಿಮಗೆ ದೊಡ್ಡ ವಿಷಯವಲ್ಲದೆ ಇರಬಹುದು. ನಮ್ಮ ಬೀದಿಯಲ್ಲಿ ನನ್ನೆದುರಿಗೆ ಯಾರೂ ಕೂರುವುದಿಲ್ಲ. ಎಲ್ಲರೂ ಒಂದೋ ನನ್ನ ಹಳೇ ವಿದ್ಯಾರ್ಥಿಗಳು, ಇಲ್ಲವೇ ವಿದ್ಯಾರ್ಥಿಗಳ ಅಪ್ಪ ಅಮ್ಮಂದಿರು. ನಾನು ಬಂದರೆ ಬೀಡಿ ಆರಿಸುತ್ತಾರೆ, ಸೆರಗು ಸರಿ ಮಾಡಿಕೊಳ್ಳುತ್ತಾರೆ, ನಡೆಯುತ್ತಿದ್ದ ಮಾತು ನಿಲ್ಲಿಸುತ್ತಾರೆ. ಸರ್ವೀಸೆಲ್ಲ ಮಕ್ಕಳಿಗೆ "ಸೈಲೆನ್ಸ್" ಎಂದು ಕೂಗಿದವಳು ನಾನು. ಈಗ ನೋಡಿ, ಇಡೀ ಬೀದಿ ಹೇಳಿದ ಮಾತು ಕೇಳುತ್ತಿದೆ! ಬೀದಿಯವರ ಜೊತೆ ಹರಟುತ್ತಿದ್ದವಳು ಅಕ್ಕ. ಅವಳ ಮೂಲಕ ನನಗೆ ಊರಿನ ಸುದ್ದಿಯೆಲ್ಲ ಬರುತ್ತಿತ್ತು. ಅವಳು ಹೋದ ಮೇಲೆ ಬೆಳಗಿನಿಂದ ರಾತ್ರಿತನಕ ನನ್ನ ಕಿವಿಗೆ ಬೀಳುವುದು ರೇಡಿಯೋ, ಕುಕ್ಕರ್. ವರ್ಷಗಟ್ಟಲೆ ಕಾದು ಹಾಕಿಸಿಕೊಂಡ ಫೋನೂ ಇದೆ. ರಾಂಗ್ ನಂಬರ್ ಬಂದರೆ ಬೇಗ ಇಡುವುದಕ್ಕೆ ಮನಸ್ಸು ಬರುವುದಿಲ್ಲ.

ಚಲುವರಾಜುಗೆ ಇದೆಲ್ಲ ಗೊತ್ತಿಲ್ಲವಲ್ಲ. ಜಗುಲಿಯ ಮೇಲೆ ಕಾಲು ಮಡಿಸಿ ಕೂತು, ಕಾಫಿ ಸೊರ ಸೊರ ಕುಡಿಯುತ್ತ ಮಾತಾಡಿದ. ತನ್ನ ಊರಿನ ಕೆರೆ, ಹೆಂಡತಿಯ ಸಿಟ್ಟು, ಮುದ್ದೆ ಕಂಡರೆ ಮೂಗು ಮುರಿಯುವ ಮಗಳು. ಆಮೇಲೆ ಕೇಳಿದ. "ಇಷ್ಟು ದೊಡ್ ಮನೇಲಿ ಒಬ್ರೇ ಇರಾದಾ ಮೇಡಂ? ಸಾಯಂಕಾಲದೊತ್ತು ಏನ್ ಮಾಡ್ತೀರಿ?"

ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅಕ್ಕನ ವಿಷಯ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ಸೇಲ್ಸ್‌ಮನ್ ಎದುರಿಗೆ! ಅವನು ಲೋಟ ಕೆಳಗಿಟ್ಟು, ನಾನು ಅತ್ತು ಮುಗಿಸುವತನಕ ಕೂತೇ ಇದ್ದ.

ಹೊರಡುವಾಗ ಕೇಳಿದ. "ಏನ್ ಡಿಸೈಡ್ ಮಾಡುದ್ರಿ ಮೇಡಂ?"

"ಯೋಚನೆ ಮಾಡಿ ಹೇಳ್ತೀನಪ್ಪ. ಮುಂದಿನ ವಾರ ಬಾ."

ಹೀಗೆ ಶುರುವಾಯಿತು ನೋಡಿ ನನ್ನ ಯೋಚನೆ. ಮುಂದಿನ ಭಾನುವಾರ ಒದ್ದೆ ಎಲೆ ಎಳೆಯುತ್ತದಾ ಅಂತ ಕೇಳಿದೆ. ಬಿಂದಿಗೆಯಲ್ಲಿ ನೀರು ಸುರಿದು ತೋರಿಸಿದ. ಅದರ ಮುಂದಿನ ಸಲ ಬಾವಿಕಟ್ಟೆಯ ಸಂದಿಯೊಳಗೆ ಹೋಗುತ್ತದಾ ಅಂದೆ. ಆಮೇಲೆ ಹೊಂಗೆ ಹೂ ಉದುರಿದಾಗ ಹೇಗೆ ಎಂದು ನೋಡಬೇಕು ಅಂದೆ. (ಆಗಿನ್ನೂ ಮೊಗ್ಗೇ ಬಂದಿರಲಿಲ್ಲ.) ಪಾಪ, ಪ್ರತಿ ಸಲವೂ "ಆಗ್ಲಿ ಬುಡಿ ಮೇಡಂ" ಎಂದು ಹಗ್ಗ ಎಳೆಯುತ್ತಿದ್ದ, ಹೊರಡುವಾಗ ಮೆಶೀನನ್ನು ಅದೇ ಟೆಂಪೋಗೆ ಹೇರಿಕೊಂಡು ಹೋಗುತ್ತಿದ್ದ. ಡೆಮೊ ಬೇಗ ಮುಗಿಯುತ್ತಿತ್ತು. ಕಾಫಿ ಮುಗಿಯುತ್ತಿರಲಿಲ್ಲ.

ನಾನು ಶನಿವಾರಗಳಂದು ಕೋಡುಬಳೆ ಕರಿಯಲು ಶುರು ಮಾಡಿದೆ. ಯಾವ ಗಿರಾಕಿ ಸೇಲ್ಸ್‌ಮನ್ನಿಗೆ ಅಂತ ಕೋಡುಬಳೆ ಕರಿಯುತ್ತಾಳೆ? ಕರಿಯುವಾಗ ನನಗೇ ನಾಚಿಕೆಯಾಗುತ್ತಿತ್ತು. ಆದರೂ ಕರಿಯುತ್ತಿದ್ದೆ.

ನನ್ನ ಇಕ್ಕಟ್ಟು ನಿಮಗೆ ಅರ್ಥವಾಯಿತಲ್ಲ? ಮೆಶೀನು ಬೇಕು ಅಂದರೆ ವ್ಯಾಪಾರ ಮುಗಿಯಿತು, ಅವನು ಬರುವುದಿಲ್ಲ. ಬೇಡ ಅಂದರೂ ಮುಗಿಯಿತು, ಬರುವುದಿಲ್ಲ. ಯೋಚನೆ ಮಾಡುತ್ತಿದ್ದೇನೆ ಅನ್ನುವತನಕ ಮಾತ್ರ ನನಗೊಂದು ಭಾನುವಾರ ಇದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಅಷ್ಟರಲ್ಲಿ ಆ ಟೆಂಪೋ ಒಂದು ವಾರ ಭಾನುವಾರದ ಬದಲು ಶನಿವಾರವೇ ನಮ್ಮೂರಿಗೆ ಬಂತು. ಚಲುವರಾಜು ಸಂಜೆ ಮೆಶೀನು ಇಳಿಸಿ, "ರಾತ್ರಿಗೆ ಇಲ್ಲೇ ಜಗುಲಿ ಮೇಲಿರ್ಲಿ ಮೇಡಂ. ನಮ್ಮ ಭಾವ ಇಲ್ಲೇ ಅವ್ನೆ, ಅಲ್ಲಿ ಮಲಗಿದ್ದು ಬೆಳಿಗ್ಗೆ ಬತ್ತೀನಿ" ಎಂದು ಹೋದ. ಬೀದಿಯವರೆಲ್ಲ ನೋಡಿದರು.

ಮಾರನೇ ಬೆಳಿಗ್ಗೆಯೇ ಆ ಪೂಜೆ. "ಏನಿದು ಸಾಕಮ್ಮ?" ಎಂದೆ, ಟವೆಲ್ ಬಿಗಿ ಮಾಡಿಕೊಳ್ಳುತ್ತ.

"ರಾತ್ರಿ ನಿಮ್ಮನೇಲೇ ಉಳ್ಕಂತಲ್ಲಾ ಮೇಡಮ್ಮೋರೆ, ತಕಂಡ್ರಿ ಅನ್ಕಂಡೊ. ಒಸಾ ಮೆಸಿನ್ನು, ಪೂಜೆ ಇಲ್ದೆ ಸುರು ಮಾಡ್ಬಾರ್ದು. ಅಕ್ಕೋರು ಇದ್ದಿದ್ರೆ ಮಾಡೋರು. ಈಗ ನಿಮ್ಗೆ ಯಾರವ್ರೆ? ಅದ್ಕೇ ನಾವೇ ಮಾಡ್ಬುಟ್ಟೊ."

ಸಾಕಮ್ಮ ನನ್ನ ಮೇಲಿನ ಅಕ್ಕರೆಗೇ ಹೇಳಿದ್ದು. ಆದರೂ "ನಿಮ್ಗೆ ಯಾರವ್ರೆ" ಅನ್ನುವ ಮಾತು ಎದೆಗೆ ನಾಟಿತು. ನಮ್ಮ ಕಡೆ ಪೂಜೆ ಆಯಿತೆಂದರೆ ಆಯಿತು, ವಸ್ತು ಆ ಮನೆಯದು. ಕುಂಕುಮ ಇಟ್ಟ ಟ್ರಾಕ್ಟರನ್ನು ಶೋರೂಮಿಗೆ ವಾಪಸ್ ತಳ್ಳಿಕೊಂಡು ಹೋದವರನ್ನು ನೀವು ಯಾರಾದರೂ ನೋಡಿದ್ದೀರಾ? ಆದರೂ ನಾನು ಹಳೇ ಹೆಡ್‌ಮಿಸ್ಟ್ರೆಸ್. ತಪ್ಪು ತಿಳಿದುಕೊಂಡಿದ್ದೀರಿ, ಇದಿನ್ನೂ ಅಂಗಡಿಯವರದು ಅಂತ ಗಟ್ಟಿಯಾಗಿ ಹೇಳಲು ಬಾಯಿ ತೆರೆದೆ.

ಗೇಟಿನಲ್ಲಿ ಚಲುವರಾಜು ನಿಂತಿದ್ದ. ಹಾರ ನೋಡಿದ. ನಿಂಬೆಹಣ್ಣು ನೋಡಿದ. ಅವನ ಮುಖ ಹೇಗೆ ಅರಳಿತು ಅಂತೀರಿ!

"ತಕಂಡ್ಬುಟ್ರಾ ಮೇಡಂ!" ಓಡಿ ಬಂದು ಕರ್ಪೂರಕ್ಕೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡ. ಕೈ ತೆಗೆದಾಗ ಕಣ್ಣು ಒದ್ದೆ. "ನಿಮ್ಗೆ ಏಳಿರ್ಲಿಲ್ಲ ಮೇಡಂ. ಇದ್ನ ಮಾರ್ದೆ ಇದ್ರೆ ಮುಂದ್ಲ ತಿಂಗ್ಳಿಂದ ಅಂಗ್ಡಿ ಕಡೆ ತಲೆ ಹಾಕ್ಬ್ಯಾಡ ಅಂದ್ಬುಟ್ಟಿದ್ರು ಓನರ್ರು. ರಜಾ ಇರಾದು ಭಾನುವಾರ ಒಂದೇಯ. 'ಅಪ್ಪ, ನೀನ್ಯಾಕೆ ಭಾನುವಾರ್ದಲ್ಲೂ ಮನೇಲಿರಲ್ಲ' ಅಂತ ಮಗ್ಳು ಒಂದೇ ಸಮ ಅಳ್ತಾಳೆ. ಇವತ್ತು ಓಗಿ ಅವ್ಳ್ನ ಎತ್ಕತ್ತೀನಿ."

ನನಗೆ ಏನಾಯಿತು ಅಂತ ಹೇಗೆ ಹೇಳಲಿ? ನನಗೋಸ್ಕರ ಬರುತ್ತಾನೆ ಅಂತ ನಾನೇನೂ ನಂಬಿರಲಿಲ್ಲ. ಹೊಟ್ಟೆಪಾಡಿಗೆ ಬರುತ್ತಾನೆ ಅಂತ ಗೊತ್ತಿತ್ತು. ಆದರೆ ನಾನು ಕೋಡುಬಳೆ ಕೊಟ್ಟು ಕೂರಿಸಿಕೊಳ್ಳುತ್ತಿದ್ದ ಹೊತ್ತು ಹೊಣಕೆರೆಯಲ್ಲಿ ಒಂದು ಮಗುವಿನದು ಅನ್ನುವುದು ತಲೆಗೆ ಹೊಳೆದಿರಲೇ ಇಲ್ಲ. ನಾಚಿಕೆಯಾಯಿತು. ಸಂಕಟವೂ ಆಯಿತು. ಎರಡರಲ್ಲಿ ಯಾವುದು ಹೆಚ್ಚು ಅಂತ ಈಗಲೂ ಗೊತ್ತಿಲ್ಲ.

"ಹೂಂ ಕಣಪ್ಪ, ತಗೊಂಡೆ," ಅಂದೆ.

ಸಾಕಮ್ಮ ಕಾಯಿ ಒಡೆದಳು. ಚಲುವರಾಜು ಹಗ್ಗ ಎಳೆದು ಇಂಜಿನ್ ಶುರು ಮಾಡಿದ. ಹೆಂಗಸರೆಲ್ಲ ಕಿವಿ ಮುಚ್ಚಿಕೊಂಡು ನಕ್ಕರು. ಅಕ್ಕ ಹೋದ ಮೇಲೆ ನಮ್ಮ ಅಂಗಳದಲ್ಲಿ ಅಷ್ಟು ಜನ ಒಟ್ಟಿಗೆ ನಕ್ಕಿದ್ದು ಅದೇ ಮೊದಲು. ನನಗೆ ಆ ನಗು ಇನ್ನಷ್ಟು ಹೊತ್ತು ಇರಲಿ ಅನ್ನಿಸಿತು.

"ಕೂತ್ಕೋ ಸಾಕಮ್ಮ, ಎಲ್ಲರಿಗೂ ಕಾಫಿ ಮಾಡ್ತೀನಿ," ಎಂದೆ.

"ಅಯ್ಯೋ, ನಿಮ್ಮೆದುರ್ಗೆ ಕೂರಾದಾ ಮೇಡಮ್ಮೋರೆ?" ಎಂದಳು. ಮತ್ತೊಬ್ಬಳು ಟೀವಿಯಲ್ಲಿ ಸೀರಿಯಲ್ ಶುರುವಾಗುತ್ತದೆ ಎಂದು ನೆನಪಿಸಿದಳು. ಕಾಯಿಚೂರು ಸೆರಗಿಗೆ ಕಟ್ಟಿಕೊಂಡು ಎಲ್ಲರೂ ಹೊರಟರು.

"ನೀನಾದರೂ ಕೂರಪ್ಪ. ಕೋಡುಬಳೆ ಇದೆ."

"ಇವತ್ತು ಬ್ಯಾಡಿ ಮೇಡಂ. ನಾಗಮಂಗಲದ ಬಸ್ಸು ತಪ್ಪೋಯ್ತದೆ." ಅವನ ಕಾಲು ಆಗಲೇ ಗೇಟಿನ ಕಡೆಗಿತ್ತು. ಡಬ್ಬಿಯಲ್ಲಿದ್ದ ಕೋಡುಬಳೆಯನ್ನೆಲ್ಲ ಪೇಪರಿನಲ್ಲಿ ಕಟ್ಟಿ ಮಗಳಿಗೆ ಅಂತ ಕೊಟ್ಟೆ. ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ.

ಪೋಸ್ಟಾಫೀಸಿನಲ್ಲಿದ್ದ ದುಡ್ಡು ತೆಗೆದು ಅಂಗಡಿಗೆ ಕಳಿಸಿದ್ದಾಯಿತು. ಮೆಶೀನು ಕೊಂಡಿದ್ದು ಲಾಭವೋ ನಷ್ಟವೋ ಅಂತ ಕೇಳುವವರಿಗೆ ಹೇಳುತ್ತೇನೆ. ಒಂದು ಸಂಸಾರದ ಅನ್ನ ಉಳಿಯಿತು. ಎಲೆಯ ಮಟ್ಟಿಗೆ ಹೇಳುವುದಾದರೆ ಶುದ್ಧ ನಷ್ಟ. ಅರ್ಧ ಎಲೆ ಎಳೆಯುತ್ತದೆ, ಇನ್ನರ್ಧಕ್ಕೆ ಪೊರಕೆ ಹಿಡಿಯಬೇಕು. ಮೊದಲಾದರೆ ಸಾಕಮ್ಮ ನೀರೊಲೆಗೆ ಅಂತ ಒಣಗಿದ ತರಗು ತುಂಬಿಕೊಳ್ಳಲು ಗೇಟು ದಾಟಿ ಬರುತ್ತಿದ್ದಳು, "ತುಂಬ್ಕಳ್ಳಾ?" ಎಂದಾದರೂ ಕೇಳುತ್ತಿದ್ದಳು. ಚೀಲದೊಳಗೆ ಬೀಳುವ ಧೂಳು ಕೂಡಿದ ಪುಡಿ ಅವಳ ಒಲೆಗೆ ಬೇಡವಾಯಿತು. ಈಗ ಅವಳೂ ಬರುವುದಿಲ್ಲ.

ಮೊನ್ನೆ ಭಾನುವಾರ ನಾನೇ ಹಗ್ಗ ಎಳೆದೆ. ತೋಳು ನೋಯುವಷ್ಟು ಎಳೆದ ಮೇಲೆ ಸ್ಟಾರ್ಟ್ ಆಯಿತು. ಅಂಗಳದ ಈ ತುದಿಯಿಂದ ಆ ತುದಿಗೆ ತಳ್ಳಿಕೊಂಡು ಹೋದೆ, ತಳ್ಳಿಕೊಂಡು ಬಂದೆ. ಆ ಸದ್ದಿನಲ್ಲಿ ಅಳುವುದು ಬಹಳ ಅನುಕೂಲ, ಯಾರಿಗೂ ಕೇಳಿಸುವುದಿಲ್ಲ. ಆಮೇಲೆ ಇಂಜಿನ್ ಆಫ್ ಮಾಡಿದೆ. ಮನೆ ಎಷ್ಟು ನಿಶ್ಶಬ್ದವಾಗಿದೆ ಅನ್ನುವುದು ಆಗ ಸರಿಯಾಗಿ ಗೊತ್ತಾಯಿತು.

ಒಂದು ಮಾತು ಮರೆತಿದ್ದೆ. ಅವತ್ತು ಗೇಟಿನಾಚೆ ಹೋದ ಚಲುವರಾಜು ತಿರುಗಿ ನಿಂತು ಕೂಗಿ ಹೇಳಿದ್ದ. "ಒಂದ್ ವರ್ಸ ಗ್ಯಾರಂಟಿ ಅದೆ ಮೇಡಂ! ಕೆಟ್ರೆ ಅಂಗ್ಡಿಗೆ ಒಂದ್ ಫೋನ್ ಮಾಡಿ, ಭಾನುವಾರ ಬುಟ್ಟು ಯಾವ್ ದಿನಾದ್ರೂ ನಾನೇ ಬಂದು ರೆಡಿ ಮಾಡ್ಕೊಡ್ತೀನಿ. ಆದ್ರೆ ಫಾರಿನ್ ಮಾಲು ಬುಡಿ, ಇದು ಕೆಡಾಕಿಲ್ಲ!"

ಬೇರೆ ದಿನವಾದರೆ ಮಗುವಿನ ಭಾನುವಾರಕ್ಕೇನೂ ತೊಂದರೆಯಿಲ್ಲ. ಅದಕ್ಕೇ ಕೇಳುತ್ತಿದ್ದೇನೆ, ನಿಮ್ಮಲ್ಲಿ ಇಂಜಿನ್ ಕೆಲಸ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಇಷ್ಟು ಗಟ್ಟಿಮುಟ್ಟಾದ ಮೆಶೀನು ಬೇಗ ಕೆಡಬೇಕಾದರೆ ಏನು ಮಾಡಬೇಕು?