ಗಂಟೆ ಲೆಕ್ಕದ ಗ್ಯಾರೇಜಿನಲ್ಲಿ ಮಾವ

ಗಾಡಿಯವರೇ ಬಂದು ತಮ್ಮ ಗಾಡಿ ರಿಪೇರಿ ಮಾಡಿಕೊಳ್ಳುವ ಗ್ಯಾರೇಜು ಎಂದಿಗೂ ಆಗುವ ಮಾತಲ್ಲ ಎಂದವರು ನನ್ನ ಸೋದರಮಾವ. ಬೇರೆ ಯಾರಾದರೂ ಅಂದಿದ್ದರೆ ನನಗೆ ಹಟ ಬರುತ್ತಿತ್ತು. ಮಾವ ಅಂದದ್ದಕ್ಕೆ ಭಯವಾಯಿತು. ಸೊರಬದಲ್ಲಿ ಮೂವತ್ತು ವರ್ಷ ಕಾರು, ಜೀಪು ರಿಪೇರಿ ಮಾಡಿದ ಮಿಸ್ತ್ರಿ ಅವರು. ಗಾಡಿಗಳ ವಿಷಯದಲ್ಲಿ ಅವರ ಮಾತು ಸುಳ್ಳಾದದ್ದನ್ನು ನಾನು ಕಂಡಿರಲಿಲ್ಲ.

“ಕಾರು ಇಟ್ಕಂಡೋನು ದುಡ್ಡು ಕೊಟ್ಟು ತನ್ನ ಕೈಗೇ ಮಸಿ ಬಳ್ಕಂತಾನಾ?” ಎಂದರು. “ಜಾಗ ಬಾಡಿಗೆಗೆ ಕೊಡ್ತಿ, ಆತು. ಜಾಕಿ, ಪಾನಾ ಬಾಡಿಗೆಗೆ ಕೊಡ್ತಿ, ಆತು. ಕೈಗುಣ ಎಲ್ಲಿಂದ ಬಾಡಿಗೆಗೆ ತರ್ತೀಯೇ ಮಾರಾಯ್ತಿ?”

ಕೈಗುಣ ಎನ್ನುವ ಮಾತನ್ನು ಅವರ ಬಾಯಲ್ಲಿ ಕೇಳಲು ಕಷ್ಟವಾಯಿತು. ಸೊರಬದಲ್ಲಿ ಆ ಮಾತನ್ನು ಜನ ಅವರ ಬಗ್ಗೆಯೇ ಆಡುತ್ತಿದ್ದರು. ಡಾಕ್ಟರಿಗೆ ಹೇಳುವ ಹಾಗೆ, ಆ ಮಿಸ್ತ್ರಿ ಕೈಗುಣ ಒಳ್ಳೇದು, ಮುಟ್ಟಿದರೆ ಸಾಕು, ಗಾಡಿ ಮತ್ತೆ ತಕರಾರು ಮಾಡುವುದಿಲ್ಲ ಎನ್ನುತ್ತಿದ್ದರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಯಿತು. ಕಾಲು ಸುಧಾರಿಸಿತು, ಮಾತು ಸುಧಾರಿಸಿತು, ಕೈ ಮಾತ್ರ ಹಾಗೇ ಉಳಿಯಿತು. ಶೆಡ್ಡಿಗೆ ಬೀಗ ಬಿತ್ತು. ಆಮೇಲೆ ಅವರು ಜಗಲಿಯ ಮೇಲೆ ಕುಳಿತು, ರಸ್ತೆಯಲ್ಲಿ ಹೋಗುವ ಗಾಡಿಗಳ ಸದ್ದು ಕೇಳಿ, ಆ ಬಸ್ಸಿನ ಕ್ಲಚ್ಚು ಮುಗೀತು, ಈ ಜೀಪಿನ ಸೈಲೆನ್ಸರ್ ಒಡೆದೈತೆ ಎಂದು ಅತ್ತೆಗೆ ಹೇಳುತ್ತಿದ್ದರು. ಅತ್ತೆ ಅಕ್ಕಿ ಆರಿಸುತ್ತ ಹೂಂ ಎನ್ನುತ್ತಿದ್ದಳು.

ನಾನು ಬೆಳೆದದ್ದು ಆ ಮನೆಯಲ್ಲಿ. ನನ್ನ ಅಪ್ಪ ಕುರಿಹಿಂಡಿನ ಹಿಂದೆ ಊರೂರು ತಿರುಗುವವನು. ಒಂದು ಕಡೆ ನಿಂತು ಶಾಲೆ ಕಲಿಯಬೇಕೆಂದರೆ ಮಾವನ ಮನೆಯೇ ಗತಿಯಾಗಿತ್ತು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೇರುತ್ತೇನೆ ಎಂದಾಗ ನೆಂಟರೆಲ್ಲ ಹುಡುಗಿಗೆ ಯಾಕೆ ಎಂದರು. ಮಾವ ಒಬ್ಬರೇ, ಓದ್ಲಿ, ನಾನು ಕೈಯಿಂದ ಕಲಿತಿದ್ದು ಅವಳು ಪುಸ್ತಕದಿಂದ ಕಲೀಲಿ ಎಂದರು. ಒಂದು ವಿಷಯದಲ್ಲಿ ಫೇಲಾಗಿ, ಮತ್ತೆ ಕಟ್ಟಿ ಪಾಸಾದೆ. ಅಪ್ಪನ ಕಡೆ, ಅಮ್ಮನ ಕಡೆ, ಎರಡೂ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಗ್ಯಾರೇಜಿನ ಯೋಚನೆ ಹುಟ್ಟಿದ್ದೇ ಮಾವನ ಕೈಯಿಂದ. ರಿಪೇರಿಗೆ ಬಂದವರೇ ತಮ್ಮ ಗಾಡಿ ಬಿಚ್ಚಿ ಕಟ್ಟುವಂತಾದರೆ ಅಲ್ಲಿ ಮಿಸ್ತ್ರಿಗೆ ಕೈ ಬೇಕಾಗುವುದಿಲ್ಲ. ನೋಡುವ ಕಣ್ಣು, ಕೇಳುವ ಕಿವಿ, ಹೇಳುವ ಬಾಯಿ ಇದ್ದರೆ ಸಾಕು. ಮಾವ ಮತ್ತೆ ಮಿಸ್ತ್ರಿ ಎನ್ನಿಸಿಕೊಳ್ಳಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ಅದನ್ನು ಅವರ ಮುಂದೆ ಹೇಳಲಿಲ್ಲ.

ಶಿಕಾರಿಪುರದಲ್ಲಿ ಮುಚ್ಚಿಹೋಗಿದ್ದ ಒಂದು ಅಕ್ಕಿ ಗಿರಣಿಯ ಗೋಡೌನು ಸಿಕ್ಕಿತು. ಕಾರಿನ ಕೆಳಗೆ ಇಳಿದು ನಿಲ್ಲಲು ಎರಡು ಗುಂಡಿ ತೋಡಿಸಿ ಗಾರೆ ಹಾಕಿಸಿದೆ. ನಟ್ಟು ಬಿಚ್ಚುವ ಪಾನಾಗಳನ್ನು ಅತ್ತೆಯನ್ನು ಕೇಳಿ ಮಾವನ ಶೆಡ್ಡಿನಿಂದ ತಂದೆ. ಗೋಡೆಯ ಹಲಗೆಯ ಮೇಲೆ ಒಂದೊಂದನ್ನೂ ಇಟ್ಟು, ಸುತ್ತ ಬಣ್ಣದಲ್ಲಿ ಗೆರೆ ಎಳೆದೆ. ಯಾವುದನ್ನು ವಾಪಸ್ ಇಟ್ಟಿಲ್ಲ ಎನ್ನುವುದು ದೂರದಿಂದಲೇ ಗೊತ್ತಾಗುತ್ತಿತ್ತು. ಬಾಗಿಲ ಮೇಲೆ ಬೋರ್ಡು ಬರೆಸಿದೆ: ‘ಜಾಗ ನಮ್ಮದು, ಸಾಮಾನು ನಮ್ಮದು, ಕೆಲಸ ನಿಮ್ಮದು. ಗಂಟೆ ಲೆಕ್ಕದಲ್ಲಿ ಬಾಡಿಗೆ.’ ಕೆಳಗೆ ಫೋನ್ ನಂಬರು.

ಮೊದಲ ಫೋನು ಅಂಜನಾಪುರದ ಕಡೆಯಿಂದ ಬಂತು. “ರೀ, ಗಂಟೆಗೆ ಎಷ್ಟ್ರೀ? ಎರಡು ಎಕರೆ ಐತಿ, ನಾಳೆ ಮುಂಜಾನೆ ಬಂದ್ಬಿಡ್ರಿ.” ನಮ್ಮ ಕಡೆ ಗಂಟೆ ಲೆಕ್ಕ ಎಂದರೆ ಟ್ರ್ಯಾಕ್ಟರು, ಇಲ್ಲವಾದರೆ ಜೆಸಿಬಿ. ಇದು ಕಾರು ರಿಪೇರಿ ಮಾಡಿಕೊಳ್ಳುವ ಜಾಗ, ನೀವೇ ಮಾಡಿಕೊಳ್ಳಬೇಕು ಎಂದೆ. ಆ ಕಡೆಯವರು, “ಹಂಗಾರೆ ನೀವೇನ್ ಮಾಡ್ತೀರಿ?” ಎಂದರು. ಅಂಥ ಫೋನುಗಳು ಆ ವಾರವೆಲ್ಲ ಬಂದವು. ಕಾರು ಮಾತ್ರ ಒಂದೂ ಬರಲಿಲ್ಲ.

ಮೊದಲು ಬಂದವರು ಈಸೂರಿನ ಒಬ್ಬ ನಿವೃತ್ತ ಮೇಷ್ಟ್ರು. ಅವರದು ಹಳೇ ಕಾರು, ಓಡುವಾಗ ಗುಂಯ್ ಎನ್ನುತ್ತಿತ್ತು. ನಾನೂ ಅವರೂ ಅರ್ಧ ದಿನ ಹುಡುಕಿದೆವು, ಸಿಗಲಿಲ್ಲ. ನನ್ನ ಡಿಗ್ರಿ ಎದುರು ಗೋಡೆಯ ಮೇಲೇ ತೂಗುತ್ತಿತ್ತು. ನಾಚಿಕೆ ಬಿಟ್ಟು ಮಾವನಿಗೆ ಫೋನು ಮಾಡಿದೆ. ಮರುದಿನ ಅವರು ಒಂದೇ ಕೈಯಲ್ಲಿ ಕಂಬಿ ಹಿಡಿದು ಬಸ್ಸಿನಿಂದ ಇಳಿದರು. ಮೇಷ್ಟ್ರ ಪಕ್ಕದ ಸೀಟಿನಲ್ಲಿ ಕುಳಿತು ಅಂಜನಾಪುರದ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಬಂದರು.

“ಎಡಗಡೆ ಮುಂದಿನ ಚಕ್ರದ ಬೇರಿಂಗು. ಬಿಚ್ಚಿ.”

ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕುಳಿತರು. ಮಾವ ಸ್ಟೂಲಿನ ಮೇಲೆ ಕುಳಿತು ಬೈಯಲು ಶುರುಮಾಡಿದರು. “ಮೇಷ್ಟ್ರೇ, ಪಾನಾನ ಸೀಮೆಸುಣ್ಣ ಹಿಡಿದ ಹಾಂಗೆ ಹಿಡೀಬೇಡ್ರೀ. ಮುಷ್ಟಿ ಮುಷ್ಟಿ!” ಮೇಷ್ಟ್ರು ಬೆವರು ಒರೆಸಿ ಮುಖಕ್ಕೆಲ್ಲ ಗ್ರೀಸು ಮಾಡಿಕೊಂಡು ನಕ್ಕರು. “ಜೀವಮಾನ ಪೂರಾ ಮಕ್ಕಳಿಗೆ ಬೈದೀನ್ರಿ. ಈಗ ಬೈಸಿಕೊಳ್ಳೋ ಪಾಳಿ.” ಬೇರಿಂಗು ಬದಲಾಯಿತು, ಸದ್ದು ಹೋಯಿತು. ಹೊರಡುವಾಗ ಮೇಷ್ಟ್ರು ಕೈಮುಗಿದು, “ನಿಮ್ಮದು ಕೈಗುಣ ಅಲ್ರೀ, ಬಾಯಿಗುಣ” ಎಂದರು. ಮಾವ ನಕ್ಕದ್ದನ್ನು ಎರಡು ವರ್ಷದ ಮೇಲೆ ಅಂದು ಕಂಡೆ.

ಆಮೇಲೆ ಅವರು ದಿನವೂ ಬಂದರು. ಅವರ ಬೈಗುಳ ಕೇಳಲೆಂದೇ ಜನ ಕಾರು ತಂದರೋ ಏನೋ, ಎರಡೂ ಗುಂಡಿ ಖಾಲಿ ಇರುತ್ತಿರಲಿಲ್ಲ. ನಾಲ್ಕು ತಿಂಗಳು ಹಾಗೆ ನಡೆಯಿತು.

ಕೆಡಿಸಿದವಳು ನಾನು. ಹೊಸ ಕಾರಿನವನೊಬ್ಬ ಬಂದು ನನ್ನ ಡಿಗ್ರಿ ನೋಡಿದ, ಮಾವನನ್ನು ನೋಡಿದ. “ಇವರದ್ದು ಸರ್ಟಿಫಿಕೇಟ್ ಐತೇನ್ರಿ? ಇವರ ಮಾತು ಕೇಳಿ ಗಾಡಿಗೆ ಏನಾರ ಆದ್ರೆ?” ಎಂದ. ಮಾವ, “ನಂದು ನಾಲ್ಕನೇ ಕ್ಲಾಸು ಕಣಪ್ಪ, ಅದೂ ಅರ್ಧ” ಎಂದು ನಗೆಯಾಡಿದರು. ನನಗೆ ನಗು ಬರಲಿಲ್ಲ. ಓದಿಲ್ಲದಿದ್ದರೂ ಅನುಭವ ಇರುವ ಕೆಲಸಗಾರರಿಗೆ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುತ್ತಾರೆ ಎಂದು ಎಲ್ಲೋ ಓದಿದ್ದೆ. ಊರಿನ ತರಬೇತಿ ಕೇಂದ್ರಕ್ಕೆ ಹೋಗಿ ಅರ್ಜಿ ತಂದೆ.

“ಬ್ಯಾಡ” ಎಂದರು ಮಾವ. “ಆ ಕಾಗದ ಇಲ್ದೇನೇ ಗಾಡಿ ಓಡ್ತಾ ಇದಾವಲ್ಲೇ.”

“ಗೋಡೆ ಮೇಲೆ ನಂದೊಂದೇ ಯಾಕಿರಬೇಕು ಮಾವ? ನಿಮ್ಮದೂ ಇರಲಿ.”

ಕಾಗದ ನನ್ನನ್ನು ಎತ್ತಿ ನಿಲ್ಲಿಸಿತ್ತು. ಯಾರನ್ನಾದರೂ ಅದು ಎತ್ತಿಯೇ ಎತ್ತುತ್ತದೆ ಎಂದು ನಂಬಿದ್ದೆ. ಅರ್ಜಿಯನ್ನು ನಾನೇ ತುಂಬಿದೆ. ಎಡಗೈಯಲ್ಲಿ ಅವರು ಸಹಿ ಹಾಕಿದರು.

ಪರೀಕ್ಷೆಯ ದಿನ ಒಂದು ಚಕ್ರ ತೋರಿಸಿ, ಇಷ್ಟು ನಿಮಿಷದಲ್ಲಿ ಬಿಚ್ಚಿ ಹಾಕಬೇಕು ಎಂದರು. ಮಾವ ಪರೀಕ್ಷಕರನ್ನು ಕೇಳಿದರು: “ಸರ್, ನಾನು ಹೇಳ್ತೀನಿ, ಇವಳು ಬಿಚ್ತಾಳೆ. ನಡೀತದಾ?”

“ಪರೀಕ್ಷೆ ನಿಮಗಲ್ವಾ ಅಜ್ಜಾ” ಎಂದರು ಅವರು. ಒರಟಾಗಿ ಏನೂ ಹೇಳಲಿಲ್ಲ. ಆದರೆ ಗಾಡಿಯ ಮುಂದೆ ನಿಂತ ಮಾವನನ್ನು ಯಾರೂ ಅಜ್ಜಾ ಎಂದು ಕರೆದಿರಲಿಲ್ಲ. ಮಾವ ಎಡಗೈಯಲ್ಲಿ ಪಾನಾ ಹಿಡಿದರು. ಬಲ ಸಾಲದೆ ಮೊಣಕಾಲು ಒತ್ತಿದರು. ಎರಡನೇ ನಟ್ಟು ಸಡಿಲವಾಗುವಾಗ ಹೊತ್ತು ಮುಗಿಯಿತು. ಕಿವಿಗೊಟ್ಟು ಕೇಳುವ ಪರೀಕ್ಷೆ ಅಲ್ಲಿ ಇರಲಿಲ್ಲ. ಮಾವ ನನ್ನ ಕಡೆ ನೋಡಲಿಲ್ಲ. ಆದರೂ ಪ್ರಮಾಣಪತ್ರ ಕೊಡುತ್ತೇವೆ, ಬನ್ನಿ ಎಂದು ಮುಂದೆ ಕೇಂದ್ರದಿಂದ ಫೋನು ಬಂತು.

ಗ್ಯಾರೇಜು ಈಗಲೂ ನಡೆಯುತ್ತಿದೆ. ಮಾವ ಬರುವುದಿಲ್ಲ. ಪ್ರಮಾಣಪತ್ರ ಕೊಟ್ಟ ದಿನದಿಂದ ಅವರು ಆ ಬಾಗಿಲು ತುಳಿದಿಲ್ಲ.

ಆ ದಿನ ಕೇಂದ್ರದ ಹಾಲ್‌ನಲ್ಲಿ ಪುಟ್ಟ ಸಮಾರಂಭ. ಅತ್ತೆ ಅವರಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಕರೆತಂದಿದ್ದಳು. ಮೈಕಿನಲ್ಲಿ ಹೆಸರು ಕೂಗಿ, ಹೆಸರಿನ ಜೊತೆ ಇನ್ನೇನನ್ನೋ ಇಂಗ್ಲಿಷಿನಲ್ಲಿ ಓದಿದರು, ಗದ್ದಲದಲ್ಲಿ ನನಗೆ ಅದು ಸರಿಯಾಗಿ ಕೇಳಿಸಲಿಲ್ಲ. ಮಾವ ವೇದಿಕೆ ಹತ್ತಿದರು. ಕಾಗದ ಅವರ ಎಡಗೈಗೆ ಬಂತು, ಜನ ಚಪ್ಪಾಳೆ ತಟ್ಟಿದರು. ಕೆಳಗಿಳಿದವರೇ ಅದನ್ನು ನನ್ನ ಕೈಗೆ ಕೊಟ್ಟು, “ಏನು ಬರೆದಾರೆ, ಓದು” ಎಂದರು.

ಅದರಲ್ಲಿ ಅವರನ್ನು ಮೆಕ್ಯಾನಿಕ್ ಎಂದಿರಲಿಲ್ಲ, ಹೆಲ್ಪರ್ ಎಂದಿತ್ತು.

“ಮೆಕ್ಯಾನಿಕ್ ಅಂತ ಬರೆದಾರೆ ಮಾವ” ಎಂದೆ.

ಮಾವ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಚದೆ ಅತ್ತೆಯ ಚೀಲದೊಳಗೆ ಇಟ್ಟರು.

“ಹೆಲ್ಪರ್ ಅಂದ್ರೆ ಏನಂತ ನಂಗೂ ಗೊತ್ತೈತೆ. ಮೈಕಿನಲ್ಲೇ ಕೇಳ್ತು” ಎಂದರು. “ನಾ ನಿನ್ನ ಓದ್ಸಿದ್ದು ಇದ್ದದ್ದು ಇದ್ದ ಹಾಂಗೆ ಓದ್ಲಿ ಅಂತ ಕಣೇ.”